ಕೂಸಿನ ಹೊಟ್ಟೆಯ ಗಡ್ಡೆ: ಎಲ್ಲಿ ಅವಸರ, ಎಲ್ಲಿ ತಾಳ್ಮೆ

ಬೀಡಿ ಸೇದಿದ್ದಲ್ಲ, ಗುಟ್ಕಾ ಜಗಿದಿದ್ದಲ್ಲ, ಇನ್ನೂ ಅನ್ನವನ್ನೇ ನೆಟ್ಟಗೆ ಉಣ್ಣಲು ಕಲಿಯದ ಕೂಸಿಗೆ ಕ್ಯಾನ್ಸರ್ ಹೇಗೆ ಬರುತ್ತದೆ? ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು. ಕೆಲವರು ಆಸ್ಪತ್ರೆಯ ಚೀಟಿಯಲ್ಲಿದ್ದ ಹೆಸರನ್ನು ಅಕ್ಷರ ಬಿಡಿಸಿ ಬಿಡಿಸಿ ಬರೆದು ಕಳಿಸುತ್ತಾರೆ: ನ್ಯೂರೋಬ್ಲಾಸ್ಟೋಮಾ. ಮಕ್ಕಳ ರಕ್ತದ ಕ್ಯಾನ್ಸರ್ ಬಗ್ಗೆ ಜನರಿಗೆ ಒಂದಿಷ್ಟು ತಿಳಿವಳಿಕೆ ಬಂದಿದೆ. ಈ ಹೆಸರನ್ನು ಮಾತ್ರ ಮಗುವಿಗೆ ಬಂದ ಮೇಲೇ ಹೆಚ್ಚಿನವರು ಮೊದಲ ಸಲ ಕೇಳುವುದು. ಮಕ್ಕಳ ವೈದ್ಯೆಯಾಗಿ ಜಿಲ್ಲಾ ಕೇಂದ್ರವೊಂದರಲ್ಲಿ ಕೂತು ಇಂಥ ಮಕ್ಕಳನ್ನು ಬೆಂಗಳೂರಿಗೆ ಕಳಿಸಿದ, ಚಿಕಿತ್ಸೆ ಮುಗಿಸಿ ಬಂದವರನ್ನು ಮತ್ತೆ ನೋಡಿಕೊಂಡ ಅನುಭವದ ಮೇಲೆ ಈ ವಾರ ಬರೆಯುತ್ತಿದ್ದೇನೆ.

ಗರ್ಭ ಕಟ್ಟಿದ ಕೆಲವೇ ವಾರಗಳಲ್ಲಿ ಭ್ರೂಣದ ಬೆನ್ನಿನ ಕಡೆ ನರವ್ಯೂಹ ಮೂಡತೊಡಗುತ್ತದೆ. ಅದರ ಅಂಚಿನಿಂದ ಒಂದಷ್ಟು ಜೀವಕೋಶಗಳು ಎದ್ದು ಮೈಯ ಬೇರೆ ಬೇರೆ ಜಾಗಗಳಿಗೆ ಹೊರಡುತ್ತವೆ. ಸಸಿಮಡಿಯಿಂದ ಕಿತ್ತ ಪೈರನ್ನು ಗದ್ದೆಗೆ ಒಯ್ದು ನಾಟಿ ಮಾಡಿದ ಹಾಗೆ, ಅವು ಬೆನ್ನುಮೂಳೆಯ ಇಕ್ಕೆಲದಲ್ಲಿ ಮತ್ತು ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಯ ಒಳಗೆ ಬೇರೂರಿ ಬಲಿಯಬೇಕು. ಬಲಿತ ಮೇಲೆ ಅವೇ ಸಿಂಪಥೆಟಿಕ್ ನರಗಳು. ಬೆಚ್ಚಿಬಿದ್ದಾಗ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ಇವುಗಳ ಕೆಲಸವೇ. ಕೆಲವು ಕೋಶಗಳು ಬಲಿಯುವುದೇ ಇಲ್ಲ. ಎಳಸಾಗಿ ಉಳಿದು, ಹೆಚ್ಚುತ್ತಲೇ ಹೋಗಿ ಗಡ್ಡೆ ಕಟ್ಟುತ್ತವೆ. ಈ ಗಡ್ಡೆಯ ಮೂಲ ಎಳೆಯ ನರಕೋಶ ಎಂದು ಗುರುತಿಸಿ 1910ರಲ್ಲಿ ಇದಕ್ಕೆ ಹೆಸರಿಟ್ಟವರು ಬಾಸ್ಟನ್ನಿನ ರೋಗಶಾಸ್ತ್ರಜ್ಞ ಜೇಮ್ಸ್ ಹೋಮರ್ ರೈಟ್. ಇದು ಮಿದುಳಿನ ಗಡ್ಡೆಯಲ್ಲ. ಹೆಚ್ಚಾಗಿ ಕಾಣಿಸಿಕೊಳ್ಳುವುದು ಹೊಟ್ಟೆಯಲ್ಲಿ, ಅದರಲ್ಲೂ ಅಡ್ರಿನಲ್ ಗ್ರಂಥಿಯಲ್ಲಿ. ಕೆಲವರಲ್ಲಿ ಎದೆಗೂಡಿನ ಹಿಂಭಾಗ, ಕತ್ತು ಅಥವಾ ಕಿಬ್ಬೊಟ್ಟೆಯಲ್ಲಿ.

ಒಂದು ವರ್ಷದೊಳಗಿನ ಕೂಸುಗಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಐದು ವರ್ಷ ತುಂಬುವ ಮೊದಲೇ ಪತ್ತೆಯಾಗುತ್ತದೆ. ಹಾಗೆಂದು ಇದು ಮನೆಮನೆಯ ಕಾಯಿಲೆಯಲ್ಲ, ಅಪರೂಪದ್ದು. ಆದರೆ ಮಕ್ಕಳ ಕ್ಯಾನ್ಸರುಗಳ ಸಂಖ್ಯೆಯಲ್ಲಿ ಇದರ ಪಾಲು ನೂರಕ್ಕೆ ಏಳೆಂಟು ಇದ್ದರೆ, ಕ್ಯಾನ್ಸರಿನಿಂದಾಗುವ ಮಕ್ಕಳ ಸಾವುಗಳಲ್ಲಿ ಸುಮಾರು ಹದಿನೈದು. ಆ ಅಂತರವೇ ಈ ಕಾಯಿಲೆಯ ಜಿಗುಟುತನವನ್ನು ಹೇಳುತ್ತದೆ.

ಮುಂದೆ ಹೋಗುವ ಮೊದಲು ತಾಯಂದಿರಿಗೆ ಒಂದು ಮಾತು. ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ, ಪಪ್ಪಾಯಿ ತಿಂದಿದ್ದಕ್ಕೆ, ಮೊಬೈಲ್ ನೋಡಿದ್ದಕ್ಕೆ ಹೀಗಾಯಿತು ಎಂದು ಮನೆಯವರು ಅಂದದ್ದನ್ನು ಎಷ್ಟೋ ತಾಯಂದಿರು ನನ್ನೆದುರು ಹೇಳಿಕೊಂಡು ಅತ್ತಿದ್ದಾರೆ. ಇದರಲ್ಲಿ ಒಂದೂ ನಿಜವಲ್ಲ. ತಾಯಿ ಮಾಡಿದ ಅಥವಾ ಬಿಟ್ಟ ಯಾವ ಕೆಲಸದಿಂದಲೂ ಈ ಗಡ್ಡೆ ಹುಟ್ಟುತ್ತದೆ ಎಂಬುದು ಸಾಬೀತಾಗಿಲ್ಲ. ವಂಶದಲ್ಲಿ ಹರಿದು ಬರುವುದು ನೂರಕ್ಕೆ ಒಬ್ಬಿಬ್ಬರಲ್ಲಿ ಮಾತ್ರ. ಮಗುವಿನ ಹಾಸಿಗೆಯ ಪಕ್ಕ ರಾತ್ರಿಯೆಲ್ಲ ಕೂರಬೇಕಾದ ಹೆಂಗಸಿನ ಮೇಲೆ ಈ ಹೊರೆಯನ್ನೂ ಹೊರಿಸುವುದು ಕ್ರೌರ್ಯ. ಹಾಗೆ ಹೇಳುವವರ ಬಾಯಿ ಮುಚ್ಚಿಸುವ ಕೆಲಸ ಗಂಡನದು, ಮನೆಯ ಹಿರಿಯರದು.

ಈಗ ಗುರುತಿಸುವ ವಿಚಾರ. ಇಲ್ಲಿ ನಾನು ಅವಸರದ ಪಕ್ಷಪಾತಿ.

ನಮ್ಮ ಕಡೆ ಹೊಟ್ಟೆಯ ಗಡ್ಡೆಯನ್ನು ಮೊದಲು ಪತ್ತೆ ಮಾಡುವುದು ಬಹುಪಾಲು ಅಜ್ಜಿಯರ ಕೈ. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿ, ಹರಳೆಣ್ಣೆ ತಿಕ್ಕಿ ನೀರೆರೆಯುವಾಗ ಆ ಕೈಗೆ ಗೊತ್ತಾಗುತ್ತದೆ. "ನಿನ್ನೆ ಎರೆಯೋವಾಗ ಇಲ್ಲಿ ಕಲ್ಲಿನ ಥರ ಸಿಕ್ತು ಕಣವ್ವ, ಮಲ ಕಟ್ಟಿರಬೇಕು ಅಂದ್ಕೊಂಡೆ" ಎಂದು ಪಕ್ಕೆಲುಬಿನ ಕೆಳಗೆ ತೋರಿಸಿದ ಅಜ್ಜಿ ನನಗೆ ನೆನಪಿದ್ದಾರೆ. ಅವರು ತೋರಿಸಿದ ಜಾಗದಲ್ಲೇ ಇತ್ತು: ಗಟ್ಟಿ, ಉಬ್ಬುತಗ್ಗು, ಹೊಕ್ಕುಳನ್ನು ದಾಟಿ ಆಚೆ ಬದಿಗೂ ಹಬ್ಬಿದ್ದು. ಮಲ ಕಟ್ಟಿದ್ದಾದರೆ ಒತ್ತಿದಾಗ ಮೆತ್ತಗಾಗುತ್ತದೆ, ಬಹಿರ್ದೆಸೆಗೆ ಹೋದ ಮೇಲೆ ಇರುವುದಿಲ್ಲ. ಇದು ಹಾಗಲ್ಲ. ಇಂಥದ್ದು ಕೈಗೆ ಸಿಕ್ಕರೆ ಮತ್ತೆ ಮತ್ತೆ ಒತ್ತಿ ನೋಡಬಾರದು, ಎಣ್ಣೆ ಹಾಕಿ ನೀವಿ ಕರಗಿಸಲು ಹೋಗಬಾರದು. ಅದೇ ವಾರ ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕು. ಸ್ಕ್ಯಾನಿಂಗ್ ಎಂದರೆ ಇಲ್ಲಿ ಬಸುರಿಯರಿಗೆ ಮಾಡುವ ಅದೇ ಅಲ್ಟ್ರಾಸೌಂಡ್. ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ, ನೋವಿಲ್ಲ, ದುಬಾರಿಯಲ್ಲ.

ಆದರೆ ಎಲ್ಲ ಮಕ್ಕಳೂ ಗಡ್ಡೆ ತೋರಿಸಿಕೊಂಡು ಬರುವುದಿಲ್ಲ. ಪತ್ತೆಯಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಾಯಿಲೆ ಮೂಳೆ, ಮಜ್ಜೆ, ಯಕೃತ್ತು ಅಥವಾ ದೂರದ ಗ್ರಂಥಿಗಳಿಗೆ ಹರಡಿರುತ್ತದೆ. ಆಗ ಕಾಣುವುದು ಗಡ್ಡೆಯಲ್ಲ, ಹರಡಿದ ಜಾಗದ ತೊಂದರೆ. ಚೆನ್ನಾಗಿ ಓಡಾಡುತ್ತಿದ್ದ ಎರಡು ವರ್ಷದ ಹುಡುಗ ಕುಂಟುತ್ತಾನೆ. ಕೆಳಗೆ ಬಿಟ್ಟರೆ ಅಳುತ್ತಾನೆ, ಸದಾ ಎತ್ತಿಕೊಂಡೇ ಇರಬೇಕು ಎನ್ನುತ್ತಾನೆ; ಎತ್ತಿಕೊಂಡರೂ ಕೊಂಕುಳ ಹಿಡಿದರೆ ಚೀರುತ್ತಾನೆ. ಸಂಜೆಯಾದರೆ ಜ್ವರ. ಮುಖ ಬಿಳಿಚಿಕೊಳ್ಳುತ್ತದೆ. ಮೊದಲು ಉಳುಕು ತೆಗೆಸುತ್ತಾರೆ. ಆಮೇಲೆ ಜಂತುಹುಳದ ಔಷಧಿ, ಕಬ್ಬಿಣಾಂಶದ ಟಾನಿಕ್, ಬಾಲಗ್ರಹ ಎಂದು ತಾಯತ. ಕೆಲವೊಮ್ಮೆ ಕೀಲುವಾತವೆಂದು ಭಾವಿಸಿ ಸ್ಟೀರಾಯ್ಡ್ ಕೂಡ. ಹೀಗೆ ತಿಂಗಳು, ಎರಡು ತಿಂಗಳು ಕಳೆಯುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದು ಲಕ್ಷಣಕ್ಕೂ ಸರಳ ಕಾರಣ ಸಿಗುತ್ತದೆ. ಕುಂಟುವುದು, ಜ್ವರ, ಬಿಳಿಚುವುದು ಮೂರೂ ಒಂದೇ ಮಗುವಿನಲ್ಲಿ ಸೇರಿ ಎರಡು ವಾರ ದಾಟಿದರೆ ಮಾತ್ರ ಸರಳ ಕಾರಣದ ಮೇಲೆ ಭಾರ ಹಾಕಿ ಕೂರಬಾರದು.

ಬೆಳವಣಿಗೆಯ ನೋವು ಎಂದು ನಾವು ಹೇಳಿ ಕಳಿಸುವ ಕಾಲುನೋವು ಬೇರೆ. ಅದು ಸಾಮಾನ್ಯವಾಗಿ ಎರಡೂ ಕಾಲಿನಲ್ಲಿ, ಸಂಜೆ ಅಥವಾ ರಾತ್ರಿ ಬರುತ್ತದೆ. ಕಾಲು ಒತ್ತಿದರೆ ಹಿತವೆನಿಸುತ್ತದೆ. ಬೆಳಿಗ್ಗೆ ಎದ್ದರೆ ಮಗು ಅಂಗಳದಲ್ಲಿ ಓಡುತ್ತಿರುತ್ತದೆ. ಬೆಳಿಗ್ಗೆಯೂ ಕುಂಟುವ ಮಗುವಿಗೆ ರಕ್ತ ಪರೀಕ್ಷೆ ಬೇಕು, ಹೊಟ್ಟೆ ಮುಟ್ಟಿ ನೋಡಬೇಕು. ಕಾಲುನೋವೆಂದು ಬಂದ ಮಗುವಿನ ಹೊಟ್ಟೆಯನ್ನು ಯಾಕೆ ನೋಡುತ್ತೀರಿ ಎಂದು ತಂದೆಯರು ಕೇಳುತ್ತಾರೆ. ನೋಡಲೇಬೇಕು. ಮಗುವನ್ನು ಮೇಜಿನ ಮೇಲೆ ಮಲಗಿಸಿದರೆ ಅತ್ತು ಹೊಟ್ಟೆ ಬಿಗಿ ಮಾಡಿಕೊಳ್ಳುತ್ತದೆ. ತಾಯಿಯ ತೊಡೆಯ ಮೇಲೇ ಬಿಟ್ಟು, ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮಗು ಉಸಿರು ಬಿಡುವಾಗ ಬೆರಳು ಒಳಗಿಳಿಸಬೇಕು. ನನ್ನ ಕಿರಿಯ ಸಹೋದ್ಯೋಗಿಗಳಿಗೆ ನಾನು ಹಟ ಹಿಡಿದು ಕಲಿಸುವುದು ಇದನ್ನೇ.

ಕಣ್ಣಿನ ಲಕ್ಷಣವಂತೂ ತಪ್ಪದೆ ತಿಳಿದಿರಬೇಕು. ಕಣ್ಣಿನ ಸುತ್ತಲಿನ ಮೂಳೆಗೆ ಕಾಯಿಲೆ ಹರಡಿದಾಗ ರೆಪ್ಪೆಗಳ ಸುತ್ತ ರಕ್ತ ಹೆಪ್ಪುಗಟ್ಟಿದ ಕಪ್ಪು-ನೇರಳೆ ಬಣ್ಣ ಮೂಡುತ್ತದೆ. ಹಲವು ಸಲ ಎರಡೂ ಕಣ್ಣಿಗೆ. ಕಣ್ಣುಗುಡ್ಡೆ ಸ್ವಲ್ಪ ಮುಂದೆ ಬಂದಂತೆ ಕಾಣುತ್ತದೆ. ಮಗು ಬಿದ್ದಿರಬೇಕು ಎಂದು ಮನೆಯವರು, ಯಾರೋ ಹೊಡೆದಿರಬೇಕು ಎಂದು ಅಕ್ಕಪಕ್ಕದವರು ಅಂದುಕೊಳ್ಳುತ್ತಾರೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ದೃಷ್ಟಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ. ತೆಗೆದು ಅದೇ ದಿನ ಆಸ್ಪತ್ರೆಗೂ ಬನ್ನಿ. ಪೆಟ್ಟು ಬೀಳದೆ ಕಪ್ಪಾದ ಕಣ್ಣು ಎಂದರೆ ವಿಳಂಬಕ್ಕೆ ಜಾಗವಿಲ್ಲ. ಇನ್ನು ಕೆಲವು ಮಕ್ಕಳಲ್ಲಿ ಒಂದು ಕಡೆಯ ರೆಪ್ಪೆ ಮಾತ್ರ ಜೋಲುತ್ತದೆ, ಆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ. ಕತ್ತಿನಲ್ಲೋ ಎದೆಯ ಮೇಲ್ಭಾಗದಲ್ಲೋ ಇರುವ ಗಡ್ಡೆ ನರವನ್ನು ಒತ್ತಿದ ಗುರುತು ಅದು. ತೀರ ಅಪರೂಪಕ್ಕೆ ಕಣ್ಣುಗುಡ್ಡೆಗಳು ದಿಕ್ಕುದಿಕ್ಕಿಗೆ ಕುಣಿಯುತ್ತವೆ, ಕೈಕಾಲು ಅದುರುತ್ತವೆ, ನಡೆಯುವ ಮಗು ತೂರಾಡುತ್ತದೆ. ಗಡ್ಡೆಯ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆ ಮಿದುಳಿನ ಮೇಲೂ ಎರಗುವುದರಿಂದ ಹೀಗಾಗುತ್ತದೆ. ಇಂಥ ಮಕ್ಕಳ ಗಡ್ಡೆ ಸಾಮಾನ್ಯವಾಗಿ ಚಿಕ್ಕದು, ಗುಣವಾಗುವಂಥದ್ದು. ಆದರೆ ಕಲಿಕೆಯ ತೊಂದರೆ ಉಳಿದುಬಿಡಬಹುದು.

ಎಲ್ಲಕ್ಕಿಂತ ತುರ್ತಿನದು ಇದು: ಬೆನ್ನುಮೂಳೆಯ ಸಂದಿಯಿಂದ ಗಡ್ಡೆ ಒಳಗೆ ತೂರಿ ಬೆನ್ನುಹುರಿಯನ್ನು ಒತ್ತುವುದು. ನಡೆಯುತ್ತಿದ್ದ ಮಗುವಿನ ಕಾಲು ಸೋಲುತ್ತದೆ, ಮೂತ್ರ ನಿಲ್ಲುತ್ತದೆ ಅಥವಾ ತಿಳಿಯದೆ ಸೋರುತ್ತದೆ. ಇಲ್ಲಿ ಲೆಕ್ಕ ವಾರದ್ದಲ್ಲ, ಗಂಟೆಗಳದ್ದು. ರಾತ್ರಿಯಾದರೂ ಹೊರಡಬೇಕು.

ಇಷ್ಟು ಓದಿದ ಮೇಲೆ ನೀವು ಕೇಳಬಹುದು: ಹಾಗಾದರೆ ಹುಟ್ಟಿದ ಎಲ್ಲ ಕೂಸುಗಳಿಗೂ ಮೊದಲೇ ಪರೀಕ್ಷೆ ಮಾಡಿಬಿಟ್ಟರೆ ಆಗದೇ? ಈ ಪ್ರಶ್ನೆಯನ್ನು ಜಪಾನ್ ಗಂಭೀರವಾಗಿ ತೆಗೆದುಕೊಂಡಿತು. ಅದರ ಕಥೆ ಕ್ಯಾನ್ಸರ್ ಬಗ್ಗೆ ನಮಗಿರುವ ಒಂದು ಗಟ್ಟಿ ನಂಬಿಕೆಯನ್ನೇ ಅಲ್ಲಾಡಿಸಿತು.

ಈ ಗಡ್ಡೆಯ ಕೋಶಗಳು ಅಡ್ರಿನಲಿನ್ ಜಾತಿಯ ರಾಸಾಯನಿಕಗಳನ್ನು ಸ್ರವಿಸುತ್ತವೆ. ಅವು ಒಡೆದು ವಿಎಂಎ, ಎಚ್‌ವಿಎ ಎಂಬ ಎರಡು ವಸ್ತುಗಳಾಗಿ ಮೂತ್ರದಲ್ಲಿ ಹೊರಬೀಳುತ್ತವೆ. ಮೂತ್ರದಲ್ಲೇ ಸುಳಿವು ಸಿಗುವುದಾದರೆ ಇನ್ನೇನು ಬೇಕು? ಕ್ಯೋಟೋದಲ್ಲಿ 1970ರ ದಶಕದಲ್ಲಿ ಶುರುವಾದ ಪ್ರಯೋಗ 1980ರ ದಶಕದ ಮಧ್ಯದ ಹೊತ್ತಿಗೆ ಇಡೀ ದೇಶದ ಕಾರ್ಯಕ್ರಮವಾಯಿತು. ಆರು ತಿಂಗಳ ಕೂಸುಗಳ ಮೂತ್ರ ಪರೀಕ್ಷೆಯಾಗತೊಡಗಿತು. ಗಡ್ಡೆಗಳು ಹೆಚ್ಚು ಹೆಚ್ಚು ಸಿಕ್ಕವು. ಸಿಕ್ಕ ಮಕ್ಕಳಿಗೆ ಶಸ್ತ್ರಚಿಕಿತ್ಸೆ, ಕೀಮೋ ನಡೆಯಿತು. ಬಹುತೇಕ ಎಲ್ಲರೂ ಬದುಕಿದರು. ಯಾರಿಗಾದರೂ ಇದು ದೊಡ್ಡ ಗೆಲುವೆಂದೇ ತೋರಬೇಕು. ಆದರೆ ದೊಡ್ಡ ಮಕ್ಕಳಲ್ಲಿ ಬರುವ, ಕೊಲ್ಲುವ ಬಗೆಯ ಕಾಯಿಲೆ ಕಡಿಮೆಯಾಗಲಿಲ್ಲ. ಕೆನಡಾದ ಕ್ವಿಬೆಕ್‌ನಲ್ಲೂ ಜರ್ಮನಿಯಲ್ಲೂ ಪರೀಕ್ಷೆಗೆ ಒಳಗಾದ ಮಕ್ಕಳನ್ನು ಒಳಗಾಗದ ಮಕ್ಕಳೊಂದಿಗೆ ಹೋಲಿಸಿ ನೋಡಿದರು. 2002ರಲ್ಲಿ ಎರಡೂ ಕಡೆಯ ಫಲಿತಾಂಶ ಹೊರಬಂತು: ಪತ್ತೆಯಾದವರ ಸಂಖ್ಯೆ ಏರಿತ್ತು, ಸಾವು ಇಳಿದಿರಲಿಲ್ಲ. 2004ರಲ್ಲಿ ಜಪಾನ್ ತನ್ನ ಕಾರ್ಯಕ್ರಮವನ್ನು ನಿಲ್ಲಿಸಿತು.

ಅಂದರೆ ಪರೀಕ್ಷೆ ಹುಡುಕಿ ಕೊಟ್ಟ ಗಡ್ಡೆಗಳಲ್ಲಿ ಹೆಚ್ಚಿನವು ಬಿಟ್ಟಿದ್ದರೆ ತಾವಾಗಿಯೇ ಕುಗ್ಗಿ ಮಾಯವಾಗುವಂಥವು. ಹೌದು, ಕ್ಯಾನ್ಸರ್ ತಾನಾಗಿಯೇ ಹೋಗುತ್ತದೆ. ಹಾಗೆ ಹೋಗುವುದು ಬೇರೆ ಯಾವ ಕ್ಯಾನ್ಸರಿನಲ್ಲೂ ಇಷ್ಟು ಸಲ ಕಾಣುವುದಿಲ್ಲ. ತಡವಾಗಿಯಾದರೂ ಕೋಶಗಳಿಗೆ ಬಲಿಯುವ ಬುದ್ಧಿ ಬರುತ್ತದೆ, ಇಲ್ಲವೇ ಅವು ಸಾಯುತ್ತವೆ. ಕೆಡುಕಿನ ಗಡ್ಡೆಯೊಂದು ವರ್ಷಗಳ ನಂತರ ಬಲಿತ, ನಿರುಪದ್ರವಿ ಗಡ್ಡೆಯಾಗಿ ಬದಲಾದದ್ದನ್ನು ವೈದ್ಯರಾದ ಹಾರ್ವೆ ಕುಷಿಂಗ್ ಮತ್ತು ವೋಲ್ಬಾಕ್ 1927ರಲ್ಲೇ ವರದಿ ಮಾಡಿದ್ದರು. ಮುಂದೆ 1971ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಆಡ್ರಿ ಇವಾನ್ಸ್ ಮತ್ತು ಅವರ ಸಂಗಡಿಗರು ಇನ್ನೂ ವಿಚಿತ್ರವಾದ ಗುಂಪೊಂದನ್ನು ಬೇರ್ಪಡಿಸಿ ತೋರಿಸಿದರು. ಎಳೆಗೂಸು, ಯಕೃತ್ತಿಗೆ, ಚರ್ಮಕ್ಕೆ, ಸ್ವಲ್ಪ ಮಜ್ಜೆಗೆ ಹರಡಿದ ಕಾಯಿಲೆ, ಚರ್ಮದ ಮೇಲೆ ನೀಲಿ ಗಂಟುಗಳು. ಇಷ್ಟು ಹರಡಿದ್ದರೆ ಆಸೆಯಿಲ್ಲ ಎಂದೇ ಯಾರಾದರೂ ಹೇಳಬೇಕು. ಆದರೆ ಅಂಥ ಕೂಸುಗಳಲ್ಲಿ ಹೆಚ್ಚಿನವು ಅಲ್ಪ ಚಿಕಿತ್ಸೆಯಲ್ಲಿ, ಕೆಲವು ಚಿಕಿತ್ಸೆಯೇ ಇಲ್ಲದೆ ಗುಣವಾಗುತ್ತವೆ. ಈಗಿನ ವರ್ಗೀಕರಣದಲ್ಲಿ ಈ ಗುಂಪನ್ನು ಎಂಎಸ್ ಎಂದು ಕರೆಯುತ್ತಾರೆ. ಯಕೃತ್ತು ಊದಿ ಉಸಿರಾಟಕ್ಕೇ ಅಡ್ಡಿಯಾದಾಗ ಮಾತ್ರ ಕೂಡಲೇ ಕೀಮೋ ಕೊಡಬೇಕಾಗುತ್ತದೆ.

ಹಾಗಾಗಿ ಆರು ತಿಂಗಳೊಳಗಿನ ಕೂಸಿನ ಅಡ್ರಿನಲ್‌ನಲ್ಲಿ ಸಣ್ಣ ಗಡ್ಡೆ ಕಂಡರೆ ಇಂದು ಕತ್ತರಿ ಎತ್ತಿಕೊಳ್ಳುವುದಿಲ್ಲ. ಸ್ಕ್ಯಾನಿಂಗ್, ಮೂತ್ರ ಪರೀಕ್ಷೆ ಮಾಡುತ್ತಾ ಕಾಯುತ್ತಾರೆ. ಅಮೆರಿಕದ ಮಕ್ಕಳ ಕ್ಯಾನ್ಸರ್ ತಂಡವೊಂದು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಕಾದ 83 ಕೂಸುಗಳಲ್ಲಿ 16ಕ್ಕೆ ಮಾತ್ರ ಕೊನೆಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ಮೂರು ವರ್ಷಗಳ ನಂತರ ನೋಡಿದರೆ ಎಲ್ಲರೂ ಬದುಕಿದ್ದರು. ಬಸುರಿಯ ಕೊನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಇಂಥ ಗಡ್ಡೆ ಕಂಡು ಹೆದರಿ ಓಡಿಬರುವ ದಂಪತಿಗಳಿಗೆ ನಾನು ಈ ಸಂಗತಿಯನ್ನು ಹೇಳುತ್ತೇನೆ. "ಕ್ಯಾನ್ಸರ್ ಇರಬಹುದು ಅಂತೀರಿ, ಸುಮ್ಮನೆ ಕೂರಿ ಅಂತೀರಿ, ನಿಮ್ಮ ಮಗುವಾಗಿದ್ದರೆ ಕೂರ್ತಿದ್ರಾ ಡಾಕ್ಟ್ರಮ್ಮ?" ಎಂದು ತಂದೆಯೊಬ್ಬರು ನೇರವಾಗಿ ಕೇಳಿದ್ದರು. ಕೂರುತ್ತಿದ್ದೆ. ಆದರೆ ಸುಮ್ಮನೆ ಅಲ್ಲ, ಹೇಳಿದ ದಿನಕ್ಕೆ ತಪ್ಪದೆ ಸ್ಕ್ಯಾನಿಂಗ್ ಮಾಡಿಸುತ್ತಾ.

ಇಲ್ಲಿಂದ ಮುಂದೆ ನಾನು ತಾಳ್ಮೆಯ ಪಕ್ಷ. ದೊಡ್ಡ ಮಕ್ಕಳಲ್ಲೂ ಅಷ್ಟೇ. ಗಡ್ಡೆ ಇದೆ ಎಂದು ಗೊತ್ತಾದ ದಿನವೇ "ಕಿತ್ತು ಹಾಕಿಬಿಡಿ" ಎನ್ನುತ್ತಾರೆ ಮನೆಯವರು. ದೊಡ್ಡ ಆಸ್ಪತ್ರೆ ಸೇರಿದ ಮೇಲೆ ಹತ್ತು ದಿನ ಬರೀ ಪರೀಕ್ಷೆಯಲ್ಲೇ ಕಳೆದರೆ ಸಿಟ್ಟಾಗುತ್ತಾರೆ. ಒಂದಿಬ್ಬರು ಮಗುವನ್ನು ಎತ್ತಿಕೊಂಡು ವಾಪಸು ಬಂದದ್ದೂ ಇದೆ. ಆ ಹತ್ತು ದಿನ ವ್ಯರ್ಥವಲ್ಲ. ತಾನಾಗಿಯೇ ಹೋಗುವ ಗಡ್ಡೆಗೂ ಎಲ್ಲ ಅಸ್ತ್ರಗಳನ್ನು ಪ್ರಯೋಗಿಸಿದರೂ ಮಣಿಯದ ಗಡ್ಡೆಗೂ ಹೆಸರು ಒಂದೇ. ಯಾವುದು ಯಾವುದೆಂದು ಬೇರ್ಪಡಿಸಿಕೊಳ್ಳದೆ ಚಿಕಿತ್ಸೆ ಶುರು ಮಾಡಿದರೆ ಒಬ್ಬರಿಗೆ ಅನಗತ್ಯ ವಿಷ, ಇನ್ನೊಬ್ಬರಿಗೆ ಸಾಲದ ಮದ್ದು.

ಬೇರ್ಪಡಿಸುವುದು ಹೇಗೆ? ವಯಸ್ಸು ಮೊದಲನೆಯದು, ಹದಿನೆಂಟು ತಿಂಗಳೊಳಗಿನವರಿಗೆ ದಾರಿ ಸುಗಮ. ಸಿಟಿ ಅಥವಾ ಎಂಆರ್‌ಐ ಮಾಡಿ ಗಡ್ಡೆ ದೊಡ್ಡ ರಕ್ತನಾಳಗಳನ್ನು ಸುತ್ತಿಕೊಂಡಿದೆಯೇ ಎಂದು ನೋಡುತ್ತಾರೆ. ಎಂಐಬಿಜಿ ಎಂಬ ವಿಶೇಷ ಸ್ಕ್ಯಾನ್ ಇದೆ. ವಿಕಿರಣ ಅಯೋಡಿನ್ ಅಂಟಿಸಿದ ಈ ವಸ್ತುವನ್ನು ಈ ಜಾತಿಯ ಕೋಶಗಳು ಆಸೆಯಿಂದ ಹೀರಿಕೊಳ್ಳುವುದರಿಂದ, ಮೈಯಲ್ಲಿ ಎಲ್ಲೆಲ್ಲಿ ಕಾಯಿಲೆ ಇದೆಯೋ ಅಲ್ಲೆಲ್ಲ ಚಿತ್ರ ಮೂಡುತ್ತದೆ. ಥೈರಾಯ್ಡ್ ಗ್ರಂಥಿ ಆ ಅಯೋಡಿನ್ ಕುಡಿಯದಿರಲೆಂದು ಮೊದಲೇ ಕಂದು ಬಣ್ಣದ ಹನಿಗಳನ್ನು ಕುಡಿಸುತ್ತಾರೆ, ಅದನ್ನು ತಪ್ಪಿಸಬಾರದು. ಸೊಂಟದ ಎರಡೂ ಕಡೆಯಿಂದ ಮಜ್ಜೆ ತೆಗೆದು ನೋಡುತ್ತಾರೆ, ಮಗುವಿಗೆ ಮಂಪರು ಕೊಟ್ಟು. ಎಲ್ಲಕ್ಕಿಂತ ಮುಖ್ಯವಾದದ್ದು ಗಡ್ಡೆಯ ಚೂರು, ಅಂದರೆ ಬಯಾಪ್ಸಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ ಎಂಬ ಭಯಕ್ಕೆ ಎಷ್ಟೋ ಮನೆಯವರು ಸಹಿ ಹಾಕಲು ಒಪ್ಪುವುದಿಲ್ಲ. ಆದರೆ ಆ ಚೂರಿನಲ್ಲೇ ಮಗುವಿನ ಚಿಕಿತ್ಸೆಯ ದಾರಿ ಬರೆದಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕೋಶಗಳು ಎಷ್ಟು ಬಲಿತಿವೆ ಎಂದು ಕಾಣುತ್ತದೆ. ಎಂವೈಸಿಎನ್ ಎಂಬ ಜೀನ್‌ನ ಪ್ರತಿಗಳು ಎಷ್ಟಿವೆ ಎಂದು ಎಣಿಸಬಹುದು. 1983ರಲ್ಲಿ ಪತ್ತೆಯಾದ ಈ ಜೀನ್ ಸುಮಾರು ಐದರಲ್ಲಿ ಒಬ್ಬ ಮಗುವಿನ ಗಡ್ಡೆಯಲ್ಲಿ ವಿಪರೀತ ಹೆಚ್ಚಿರುತ್ತದೆ. ಹಾಗಿದ್ದರೆ ಗಡ್ಡೆ ಎಳೆಗೂಸಿನದಾದರೂ ಅದನ್ನು ಮೃದುವಾಗಿ ನಡೆಸಿಕೊಳ್ಳುವಂತಿಲ್ಲ. ನಾನು ತಂದೆತಾಯಿಗೆ ಹೇಳಿ ಕಳಿಸುವ ಪ್ರಶ್ನೆ ಒಂದೇ: "ನಮ್ಮ ಮಗುವಿನ ಎಂವೈಸಿಎನ್ ಪರೀಕ್ಷೆ ಬಂತಾ, ನಮ್ಮದು ಯಾವ ರಿಸ್ಕ್ ಗುಂಪು ಅಂತ ಕೇಳಿ."

ಕಡಿಮೆ ರಿಸ್ಕ್ ಗುಂಪಿನ ಮಕ್ಕಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಂದಿ ಬದುಕುತ್ತಾರೆ. ಒಂದು ಶಸ್ತ್ರಚಿಕಿತ್ಸೆ, ಕೆಲವರಿಗೆ ಅದೂ ಬೇಡ. ಮಧ್ಯಮ ಗುಂಪಿಗೆ ಕೆಲವು ತಿಂಗಳ ಕೀಮೋ ಜೊತೆಗೆ ಶಸ್ತ್ರಚಿಕಿತ್ಸೆ, ಫಲಿತಾಂಶ ಒಳ್ಳೆಯದೇ. ಹೆಚ್ಚು ರಿಸ್ಕಿನವರ ದಾರಿ ಮಾತ್ರ ದೀರ್ಘ. ಚಿಕಿತ್ಸೆ ಸುಮಾರು ಒಂದೂವರೆ ವರ್ಷ ನಡೆಯುತ್ತದೆ. ಮೊದಲು ಹಲವು ಮದ್ದುಗಳ ಕೀಮೋ ಕೊಟ್ಟು ಗಡ್ಡೆಯನ್ನು ಕುಗ್ಗಿಸಿ ಗಟ್ಟಿ ಮಾಡುತ್ತಾರೆ; ಆಗ ರಕ್ತನಾಳಗಳಿಂದ ಬಿಡಿಸಿ ತೆಗೆಯಲು ಸರ್ಜನ್ನರಿಗೆ ಸಾಧ್ಯವಾಗುತ್ತದೆ. ಮೊದಲ ದಿನವೇ ಕೀಳದಿರುವುದು ಇದಕ್ಕಾಗಿ. ಮಧ್ಯದಲ್ಲಿ ಮಗುವಿನದೇ ರಕ್ತದಿಂದ ಆಕರ ಕೋಶಗಳನ್ನು ತೆಗೆದು ಶೀತಲೀಕರಿಸಿ ಇಡುತ್ತಾರೆ. ಆಮೇಲೆ ಮಜ್ಜೆಯೇ ಬರಿದಾಗುವಷ್ಟು ಭಾರೀ ಪ್ರಮಾಣದ ಕೀಮೋ ಕೊಟ್ಟು, ಆ ಕೋಶಗಳನ್ನು ಮರಳಿ ಮೈಗೆ ಹರಿಸಿ ಮಜ್ಜೆಯನ್ನು ಮತ್ತೆ ಚಿಗುರಿಸುತ್ತಾರೆ. ನಂತರ ಗಡ್ಡೆ ಇದ್ದ ಜಾಗಕ್ಕೆ ರೇಡಿಯೇಷನ್, ನಮ್ಮ ಜನ ಹೇಳುವ ಹಾಗೆ 'ಕರೆಂಟು ಕೊಡುವುದು'.

ಅದಾದ ಮೇಲೆ ಬರುವ ಮದ್ದು ನನಗೆ ಯಾವಾಗಲೂ ಅಚ್ಚರಿ ತರುತ್ತದೆ: ಐಸೋಟ್ರೆಟಿನಾಯಿನ್. ಮೊಡವೆಗೆಂದು ಕಾಲೇಜು ಹುಡುಗರು ನುಂಗುವ ಅದೇ ಕ್ಯಾಪ್ಸೂಲ್. ಎ ಜೀವಸತ್ವದ ಬಳಗಕ್ಕೆ ಸೇರಿದ ಇದು ದೊಡ್ಡ ಪ್ರಮಾಣದಲ್ಲಿ ಎಳಸು ನರಕೋಶಗಳನ್ನು ಬಲಿಯುವಂತೆ ಒತ್ತಾಯಿಸುತ್ತದೆ. ಹದಿನಾಲ್ಕು ದಿನ ಕೊಟ್ಟು ಹದಿನಾಲ್ಕು ದಿನ ಬಿಡುವು, ಹೀಗೆ ಆರು ಸುತ್ತು. ಎರಡು ವರ್ಷದ ಮಗು ಕ್ಯಾಪ್ಸೂಲ್ ನುಂಗದು; ಅದನ್ನು ಹೇಗೆ ತೆರೆದು, ಯಾವ ಕೊಬ್ಬಿನಂಶದ ಆಹಾರದಲ್ಲಿ ಬೆರೆಸಿ ಕೊಡಬೇಕೆಂದು ಆಸ್ಪತ್ರೆಯ ನರ್ಸ್ ಹೇಳಿಕೊಡುತ್ತಾರೆ. ಮನೆಯಲ್ಲಿ ಬಸುರಿಯಿದ್ದರೆ ಅವರು ಈ ಮದ್ದನ್ನು ಮುಟ್ಟಲೇಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಮಗುವಿನ ತುಟಿ ಒಡೆಯುತ್ತದೆ, ಚರ್ಮ ಸುಲಿಯುತ್ತದೆ. ಬೆಳಿಗ್ಗೆ ಹಲ್ಲುಜ್ಜಿಸುವ ಮೊದಲು ತುಟಿಗೆ ಬೆಣ್ಣೆ ಸವರಿ, ಅಂಟಿಕೊಂಡ ಸಿಪ್ಪೆ ಮೆತ್ತಗಾಗುವ ತನಕ ಕಾಯುತ್ತಿದ್ದ ತಾಯಿಯೊಬ್ಬರ ಜಾಣತನವನ್ನು ನಾನು ಬೇರೆ ತಾಯಂದಿರಿಗೂ ಹೇಳುತ್ತಿರುತ್ತೇನೆ.

ಕೊನೆಯ ಅಸ್ತ್ರ ಇಮ್ಯುನೋಥೆರಪಿ. ಈ ಕೋಶಗಳ ಮೈಮೇಲೆ ಜಿಡಿ2 ಎಂಬ ಗುರುತು ಇರುತ್ತದೆ. ಅದನ್ನೇ ಹಿಡಿದುಕೊಳ್ಳುವ ಪ್ರತಿಕಾಯವನ್ನು ತಯಾರಿಸಿ ಹರಿಸಿದರೆ ಮಗುವಿನ ರಕ್ಷಣಾ ಪಡೆ ಉಳಿದ ಕೋಶಗಳನ್ನು ಹುಡುಕಿ ಕೊಲ್ಲುತ್ತದೆ. ಆಲಿಸ್ ಯು ಅವರ ತಂಡ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ವರ್ಷ ಕಾಯಿಲೆ ಮರುಕಳಿಸದೆ ಉಳಿದವರು ಈ ಮದ್ದು ಪಡೆಯದ ಗುಂಪಿನಲ್ಲಿ ನೂರಕ್ಕೆ 46, ಪಡೆದವರಲ್ಲಿ 66. ಅಮೆರಿಕದಲ್ಲಿ 2015ರಲ್ಲಿ ಡೈನುಟುಕ್ಸಿಮ್ಯಾಬ್ ಎಂಬ ಹೆಸರಿನಲ್ಲಿ ಒಪ್ಪಿಗೆ ಸಿಕ್ಕಿತು. ನೋವಿನ ನರಗಳ ಮೇಲೂ ಅದೇ ಗುರುತು ಇರುವುದರಿಂದ ಮದ್ದು ಹರಿಯುವಾಗ ಮಗುವಿಗೆ ತೀವ್ರ ನೋವಾಗುತ್ತದೆ, ಜೊತೆಗೇ ಮಾರ್ಫಿನ್ ಕೊಡಬೇಕು. ಇಷ್ಟೆಲ್ಲ ಮಾಡುವ ಸಿರಿವಂತ ದೇಶಗಳಲ್ಲೂ ಹೆಚ್ಚು ರಿಸ್ಕಿನ ಮಕ್ಕಳಲ್ಲಿ ದೀರ್ಘಕಾಲ ಬದುಕುಳಿಯುವವರು ಸುಮಾರು ಅರ್ಧ. ನಮ್ಮಲ್ಲಿ ಆ ಪ್ರತಿಕಾಯದ ಬೆಲೆ ಬಹುಪಾಲು ಕುಟುಂಬಗಳ ಕೈಗೆ ಎಟುಕುವುದಿಲ್ಲ. ಐಸೋಟ್ರೆಟಿನಾಯಿನ್ ಅಗ್ಗ, ಕೀಮೋ ಮದ್ದುಗಳು ಸಿಗುತ್ತವೆ, ನುರಿತ ಸರ್ಜನ್ನರಿದ್ದಾರೆ. ಆದರೆ ಈ ಒಂದು ಮದ್ದಿನ ಮುಂದೆ ತಂದೆತಾಯಿ ಹೊಲದ ಪತ್ರ ಹಿಡಿದು ನಿಲ್ಲಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಕ್ಕಳ ಕ್ಯಾನ್ಸರ್ ಅಭಿಯಾನ ಶುರು ಮಾಡಿದಾಗ ಆರು ಬಗೆಯ ಕ್ಯಾನ್ಸರ್‌ಗಳನ್ನು ಮುಂದಿಟ್ಟುಕೊಂಡಿತು. ಆ ಪಟ್ಟಿಯಲ್ಲಿ ನ್ಯೂರೋಬ್ಲಾಸ್ಟೋಮಾ ಇಲ್ಲ. ಸುಲಭವಾಗಿ ಉಳಿಸಬಹುದಾದವರನ್ನು ಮೊದಲು ಉಳಿಸೋಣ ಎಂಬ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೂ ಸರ್ಕಾರಗಳು ಒಟ್ಟಾಗಿ ಕೊಂಡರೆ ಇಂಥ ಮದ್ದಿನ ಬೆಲೆ ಇಳಿಸಲು ಚೌಕಾಸಿ ಮಾಡಬಹುದು, ಮಾಡಬೇಕು ಎಂದು ನಾನು ನಂಬುತ್ತೇನೆ.

ಸದ್ಯಕ್ಕೆ ಕೈಯಲ್ಲಿರುವುದನ್ನು ಬಳಸಿಕೊಳ್ಳೋಣ. ಬೆಂಗಳೂರಿನ ಕಿದ್ವಾಯಿಯಲ್ಲಿ ಮಕ್ಕಳ ಕ್ಯಾನ್ಸರಿಗೆ ಪ್ರತ್ಯೇಕ ವಿಭಾಗವಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ತೊಡಕಾಗುವುದು ಎಲ್ಲಿ ಗೊತ್ತೇ? ಒಂದೂವರೆ ವರ್ಷದ ಮಗುವಿನ ಹೆಸರು ರೇಷನ್ ಕಾರ್ಡಿಗೆ ಸೇರಿರುವುದಿಲ್ಲ, ಆಧಾರ್ ಮಾಡಿಸಿರುವುದಿಲ್ಲ. ಮಗು ವಾರ್ಡಿನಲ್ಲಿ, ತಂದೆ ತಾಲ್ಲೂಕು ಕಚೇರಿಯಲ್ಲಿ. ಮಗು ಚೆನ್ನಾಗಿರುವಾಗಲೇ ಈ ಕಾಗದಗಳನ್ನು ಮಾಡಿಸಿಡಿ ಎಂದು ಲಸಿಕೆಗೆ ಬರುವ ಎಲ್ಲರಿಗೂ ಹೇಳುತ್ತೇನೆ. ಇನ್ನು ಮಧ್ಯದಲ್ಲೇ ಚಿಕಿತ್ಸೆ ಬಿಡುವವರಲ್ಲಿ ಹಲವರು ಮದ್ದಿನ ಖರ್ಚಿಗಿಂತ ಊಟ, ಬಾಡಿಗೆ, ಬಸ್ ಚಾರ್ಜು, ಊರಲ್ಲಿ ಬಿಟ್ಟುಬಂದ ಇನ್ನೊಂದು ಮಗು, ಇವುಗಳಿಗೆ ಸೋತವರು. ಎರಡು ಸುತ್ತು ಕೀಮೋ ಆದ ಮೇಲೆ ಜ್ವರ, ನೋವು ಹೋಗಿ ಮಗು ಆಡತೊಡಗುತ್ತದೆ. ಗುಣವಾಯಿತು ಎಂದುಕೊಂಡು ಊರಿಗೆ ಹೊರಟುಬಿಡುತ್ತಾರೆ. ಅದು ಗುಣವಲ್ಲ, ಹೆಚ್ಚು ರಿಸ್ಕಿನ ಕಾಯಿಲೆ ಅರ್ಧಕ್ಕೆ ಬಿಟ್ಟ ಚಿಕಿತ್ಸೆಗೆ ಕ್ಷಮೆ ತೋರುವುದಿಲ್ಲ. ಅಂದಹಾಗೆ ಊರು ಬಿಟ್ಟು ಬಂದ ಕುಟುಂಬಗಳ ಕಷ್ಟವನ್ನು ಆಡ್ರಿ ಇವಾನ್ಸ್ ಕೂಡ ಕಂಡಿದ್ದರು. ದೂರದೂರಿನ ಪೋಷಕರು ಉಳಿಯಲು 1974ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ಮೊದಲ ರೊನಾಲ್ಡ್ ಮ್ಯಾಕ್‌ಡೊನಾಲ್ಡ್ ಹೌಸ್ ಹಿಂದೆ ಅವರಿದ್ದರು. ಆಸ್ಪತ್ರೆ ಸೇರಿದ ಮೊದಲ ದಿನವೇ ಅಲ್ಲಿನ ಸಮಾಜ ಕಾರ್ಯಕರ್ತರನ್ನು ಹುಡುಕಿ, ಧರ್ಮಶಾಲೆಯ ಕೋಣೆ, ಊಟ, ನೆರವಿನ ಟ್ರಸ್ಟುಗಳ ಬಗ್ಗೆ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಚಿಕಿತ್ಸೆ ಮುಗಿಸಿ ಬಂದ ಮಕ್ಕಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ ನಾನು ಒಂದು ವಿಷಯಕ್ಕೆ ಪಟ್ಟು ಹಿಡಿಯುತ್ತೇನೆ: ಕಿವಿಯ ಪರೀಕ್ಷೆ. ಕೀಮೋದಲ್ಲಿರುವ ಸಿಸ್ಪ್ಲಾಟಿನ್ ಎಂಬ ಮದ್ದು ಕಿವಿಯ ಒಳಭಾಗಕ್ಕೆ ಹಾನಿ ಮಾಡುತ್ತದೆ. ಮೊದಲು ಹೋಗುವುದು ತಾರಕದ ಸ್ವರಗಳು. ಮಗು ಕರೆದರೆ ತಿರುಗುತ್ತದೆ, ಆದ್ದರಿಂದ ಕೇಳಿಸುತ್ತದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಸ, ಶ ತರಹದ ಸಣ್ಣ ಸದ್ದಿನ ಅಕ್ಷರಗಳು ಅದಕ್ಕೆ ಸಿಗುವುದಿಲ್ಲ. ಗದ್ದಲದ ತರಗತಿಯಲ್ಲಂತೂ ಅರ್ಧ ಪಾಠ ಕೈತಪ್ಪುತ್ತದೆ. 'ಸೀಬೆ'ಗೆ 'ಈಬೆ' ಎನ್ನುವ ಹುಡುಗಿಯನ್ನು ಮೊದ್ದು ಎಂದು ಹಿಂದಿನ ಬೆಂಚಿಗೆ ಕೂರಿಸಿದ್ದನ್ನು ನೋಡಿದ್ದೇನೆ. ಶ್ರವಣ ಸಾಧನ ಹಾಕಿಸಿ, ಮುಂದಿನ ಸಾಲಿಗೆ ತಂದು ಕೂರಿಸಿದ ಮೇಲೆ ಅವಳು ಮಗ್ಗಿ ತಪ್ಪಿಲ್ಲದೆ ಒಪ್ಪಿಸತೊಡಗಿದಳು. ಇದಲ್ಲದೆ ಲಸಿಕೆಗಳನ್ನು ಯಾವಾಗ, ಯಾವುದನ್ನು ಮತ್ತೆ ಹಾಕಿಸಬೇಕೆಂದು ಕೇಳಿಕೊಳ್ಳಬೇಕು, ಎತ್ತರ-ತೂಕ, ಥೈರಾಯ್ಡ್, ಹೃದಯ, ಮೂತ್ರಪಿಂಡಗಳನ್ನು ಆಗಾಗ ನೋಡಿಸುತ್ತಿರಬೇಕು. ಯಾವ ಮದ್ದು ಒಟ್ಟು ಎಷ್ಟು ಹೋಗಿದೆ, ರೇಡಿಯೇಷನ್ ಎಲ್ಲಿಗೆ ಎಷ್ಟು ಎಂದು ಬರೆದ ಚಿಕಿತ್ಸೆಯ ಸಾರಾಂಶದ ಹಾಳೆಯನ್ನು ಕ್ಯಾನ್ಸರ್ ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಮನೆಯಲ್ಲಿಟ್ಟುಕೊಂಡು ಇನ್ನೊಂದನ್ನು ನಿಮ್ಮ ಊರಿನ ಮಕ್ಕಳ ವೈದ್ಯರ ಹತ್ತಿರ ಕೊಟ್ಟಿಡಿ.